ನೆಂಟರಿಲ್ಲದ ದಿನ ನೋಡಿ ಹೊರಟ ಟೂರು

ನಮ್ಮ ಮನೆಯಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಹೋಗಬೇಕಾದರೆ ಕಾರಣ ಬೇಕಿತ್ತು. ಮದುವೆ, ಸಾವು, ದೇವರು, ಆಸ್ಪತ್ರೆ. ಇವನ್ನು ಬಿಟ್ಟು ಬೇರೆ ಯಾವುದಕ್ಕೂ ನಮ್ಮವರು ಬಸ್ಸು ಹತ್ತಿದ್ದನ್ನು ನಾನು ಕಂಡಿಲ್ಲ. ಹಾಗಾಗಿ ಕಳೆದ ಚಳಿಗಾಲದಲ್ಲಿ ಒಂದು ದಿನ ನಾನು ಹೊಲಿಗೆ ಮಿಷಿನ್ನಿನಿಂದ ತಲೆಯೆತ್ತದೆ, "ಅವ್ವಾ, ಇಬ್ರೂ ಒಂದು ಟೂರ್ ಹೋಗಿ ಬರಾಣ" ಅಂದಾಗ ಅವ್ವ ಕೈಯಲ್ಲಿದ್ದ ಬ್ಲೌಸನ್ನು ತೊಡೆಯ ಮೇಲಿಟ್ಟುಕೊಂಡು ಗಾಬರಿಯಿಂದ ನನ್ನನ್ನೇ ನೋಡಿದಳು.

"ಯಾರಿಗೇನಾತೇ?"

"ಯಾರಿಗೂ ಏನೂ ಆಗಿಲ್ಲ."

"ಮತ್ತ್ಯಾಕೆ ಹೋಗ್ಬೇಕು?"

"ಸುಮ್ಕೆ. ನೋಡ್ಕಂಡು ಬರಾಕೆ."

ಸುಮ್ಮನೆ ನೋಡಿಕೊಂಡು ಬರುವುದು ಅನ್ನುವುದು ಒಂದು ಕೆಲಸ ಅಂತ ಅವ್ವನಿಗೆ ಅನ್ನಿಸಲಿಲ್ಲ. ಹುಕ್ಕು ಹಚ್ಚುವುದನ್ನು ಮುಂದುವರಿಸಿದಳು.

ಚಳ್ಳಕೆರೆಯಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಅಂಗಡಿ ಅಂದರೆ ಬಾಡಿಗೆ ಮನೆಯ ಮುಂದಿನ ಕೋಣೆ, ಅದಕ್ಕೆ ರಸ್ತೆ ಕಡೆಗೊಂದು ಬಾಗಿಲು. ನನ್ನ ಗಂಡ ತೀರಿಕೊಂಡ ಮೇಲೆ ಅವ್ವ ತಳಕಿನ ಹತ್ತಿರದ ನಮ್ಮೂರಿನಿಂದ, ನನ್ನ ತಮ್ಮನ ಮನೆ ಬಿಟ್ಟು, ನನ್ನ ಜೊತೆಗಿರಲು ಬಂದಳು. ನಿನ್ನನ್ನು ನೋಡಿಕೊಳ್ಳಲು ಬಂದಿದ್ದೇನೆ ಅಂತ ಅವಳು ಹೇಳುತ್ತಾಳೆ. ಅವಳನ್ನು ನಾನು ನೋಡಿಕೊಳ್ಳುತ್ತಿದ್ದೇನೆ ಅಂತ ನಾನು ಹೇಳುತ್ತೇನೆ. ಈ ಜಗಳ ಇನ್ನೂ ತೀರ್ಮಾನವಾಗಿಲ್ಲ. ನಾನು ಹೊಲಿದ ಬ್ಲೌಸುಗಳಿಗೆ ಹುಕ್ಕು ಹಚ್ಚುವುದು, ಸೀರೆಗೆ ಫಾಲ್ ಕೂರಿಸುವುದು ಅವಳ ಕೆಲಸ. ಕಣ್ಣು ಇವತ್ತಿಗೂ ಚುರುಕು, ಕೈಕೊಟ್ಟಿರುವುದು ಮೊಣಕಾಲು. ನನಗೆ ಸಿಟ್ಟು ಜಾಸ್ತಿ, ಅವಳಿಗೆ ಹಟ ಜಾಸ್ತಿ. ಗಿರಾಕಿಗಳು ಇಬ್ಬರನ್ನೂ ಸಹಿಸಿಕೊಂಡು ಬರುತ್ತಾರೆ, ಯಾಕೆಂದರೆ ನಾನು ಹೊಲಿದ ತೋಳು ಎಲ್ಲೂ ಎಳೆಯುವುದಿಲ್ಲ.

ಟೂರಿನ ಹುಳವನ್ನು ನನ್ನ ತಲೆಗೆ ಬಿಟ್ಟಿದ್ದೂ ಒಬ್ಬ ಗಿರಾಕಿಯೇ. ಶಾಲೆಯ ಟೀಚರಮ್ಮ, ಮೊಳಕಾಲ್ಮೂರು ಸೀರೆಯ ಬ್ಲೌಸಿಗೆ ಅಳತೆ ಕೊಡಲು ಬಂದಿದ್ದರು. ರಜೆಗೆ ಸಿದ್ದಾಪುರದ ಕಡೆ ಹೋಗುತ್ತೇವೆ ಅಂದರು. "ಈಗ ದೂರದೂರದಿಂದ ಜನ ಬರ್ತಿದಾರಂತೆ ಅಲ್ಲಿಗೆ. ಬಂಡೆಗಳು, ಅಶೋಕನ ಶಾಸನ, ಸಂಜೆ ಸೂರ್ಯ ಮುಳುಗೋದು. ಅಲ್ಲಿನ ಮನೆಯೋರೊಬ್ಬರು ಎರಡು ರೂಮು ಕಟ್ಟಿಸಿ ಬಾಡಿಗೆಗೆ ಕೊಡ್ತಾರಂತೆ" ಅನ್ನುತ್ತಾ ಮೊಬೈಲಿನಲ್ಲಿ ಫೋಟೊ ತೋರಿಸಿದರು.

ನನಗೆ ನಗು ಬಂತು. ನಮ್ಮವ್ವ ಹುಟ್ಟಿದ್ದೇ ಸಿದ್ದಾಪುರದ ಮಗ್ಗುಲಿನ ಒಂದು ಹಟ್ಟಿಯಲ್ಲಿ. ಮದುವೆಯಾಗಿ ಬರುವವರೆಗೆ ಅವಳು ಆಡು ಕಾದದ್ದು ಅದೇ ಬಂಡೆಗಳ ಮೇಲೆ. ಅವ್ವ ಎರಡೂ ಕೈಯಲ್ಲಿ ಮೊಬೈಲನ್ನು ಹಿಡಿದು ನೋಡಿದಳು. ಬೆರಳು ತಾಕಿ ಫೋಟೊ ಸರಿದುಹೋಯಿತು. ಟೀಚರಮ್ಮ ಮತ್ತೆ ತೆಗೆದು ತೋರಿಸಿದರು. ಬಹಳ ಹೊತ್ತು ನೋಡಿ ಅವ್ವ ಹೇಳಿದಳು:

"ಇದ್ರ ಹಿಂದ್ಗಡೆ ಒಂದು ಚಪ್ಪಟೆ ಗುಂಡು ಐತೆ. ಕೆಳಗೆ ಮನೆ ಇದ್ದಂಗೆ ನೆಳ್ಳು. ಆ ನೆಳ್ಳಾಗೆ ಒಂದು ಮಧ್ಯಾಹ್ನ ನಿದ್ದೆ ಮಾಡ್ಬೇಕು ಅಂತ ಭಾಳ ಆಸೆ ಇತ್ತು ನಂಗೆ."

"ಅಷ್ಟೇನಾ ಅಜ್ಜಿ?" ಅಂತ ಟೀಚರಮ್ಮ ನಕ್ಕರು.

ಅಷ್ಟೇ ಅಲ್ಲ ಅನ್ನುವುದು ನನಗೆ ಗೊತ್ತಿತ್ತು. ನಮ್ಮವ್ವ ಹಗಲು ಮಲಗುವುದಿಲ್ಲ. ಜ್ವರ ಬಂದರೂ ಗೋಡೆಗೆ ಒರಗಿ ಕೂರುತ್ತಾಳೆ. ಕೂತಲ್ಲೇ ಜೋಂಪು ಹತ್ತಿ ತಲೆ ವಾಲಿದರೆ ಯಾರೋ ತಟ್ಟಿ ಎಬ್ಬಿಸಿದ ಹಾಗೆ ಬೆಚ್ಚಿ ನೆಟ್ಟಗಾಗುತ್ತಾಳೆ. ಹುಡುಗಿಯಾಗಿದ್ದಾಗ ಒಂದು ಮಧ್ಯಾಹ್ನ ಅದೇ ಗುಂಡಿನ ಕೆಳಗೆ ಕಣ್ಣು ಮುಚ್ಚಿಬಿಟ್ಟಿದ್ದಳಂತೆ. ಎದ್ದು ನೋಡಿದರೆ ಆಡುಗಳೆಲ್ಲ ಬೇರೆಯವರ ಶೇಂಗಾ ಹೊಲದಲ್ಲಿ. ಹೊಲದವರು ಹಟ್ಟಿಗೆ ಬಂದು ಬಾಯಿಗೆ ಬಂದಂತೆ ಬೈದರು, ನಮ್ಮ ತಾತ ಅಷ್ಟೂ ಜನರ ಮುಂದೆ ಹಗ್ಗ ತೆಗೆದುಕೊಂಡು ಅವಳಿಗೆ ಹೊಡೆದ. ಬೆನ್ನಿನ ಮೇಲೊಂದು ಗೆರೆ ಈಗಲೂ ಇದೆ, ಚಿಕ್ಕವಳಿದ್ದಾಗ ಬೆನ್ನುಜ್ಜುವಾಗ ನಾನು ಅದರ ಮೇಲೆ ಬೆರಳಾಡಿಸುತ್ತಿದ್ದೆ. ಅವತ್ತಿನಿಂದ ಅವಳಿಗೆ ಹಗಲು ನಿದ್ದೆ ಇಲ್ಲ. ಮದುವೆಯಾದ ಮೇಲೆ ತವರಿಗೆ ಎಷ್ಟೋ ಸಲ ಹೋಗಿದ್ದಾಳೆ. ಹೋದಾಗಲೆಲ್ಲ ಬಸ್ಸಿಳಿದು ಅಡಿಗೆಮನೆ ಹೊಕ್ಕು, ಅಡಿಗೆಮನೆಯಿಂದ ಬಂದು ಬಸ್ಸು ಹತ್ತಿದ್ದಾಳೆ. ಮನೆಯಿಂದ ಕಾಣುವ ಬಂಡೆಗಳ ಹತ್ತಿರಕ್ಕೆ ಒಮ್ಮೆಯೂ ಹೋಗಿಲ್ಲ.

ಮೊಣಕಾಲಿನ ಡಾಕ್ಟರು ಬೇರೆ, ಈ ವರ್ಷ ನಡೆಯುತ್ತಾರೆ, ಮುಂದಿನ ವರ್ಷದ್ದು ನಾನು ಹೇಳಲಾರೆ ಅಂದಿದ್ದರು. ಬೇಸಿಗೆ ಬಂದರೆ ಆ ಬಂಡೆಗಳ ಮೇಲೆ ಕಾಲಿಡಲು ಆಗುವುದಿಲ್ಲ. ಹೋಗುವುದಿದ್ದರೆ ಈ ಚಳಿಗಾಲವೇ. ಅವ್ವ ಆ ನೆರಳಿನಲ್ಲಿ ಮಲಗಿ ಏಳಬೇಕು, ಅಷ್ಟೇ ನನ್ನ ಟೂರು. ದೇವಸ್ಥಾನ ಬೇಡ, ಮದುವೆ ಬೇಡ, ಯಾರ ಮನೆಯ ಒಲೆಯೂ ಬೇಡ.

ಟೀಚರಮ್ಮನಿಂದ ಆ ರೂಮಿನವರ ಫೋನು ತೆಗೆದುಕೊಂಡು ಮಾತಾಡಿದೆ. ಒಬ್ಬ ಹೆಂಗಸು ಎತ್ತಿದಳು. ರೂಮು ಖಾಲಿ ಇದೆಯೇ, ಊಟ ಸಿಗುತ್ತದೆಯೇ ಅಂತ ನಾನು ಕೇಳಬೇಕಾದದ್ದನ್ನು ಕೇಳುವ ಮೊದಲು ಅವಳೇ ಶುರು ಮಾಡಿದಳು.

"ಯಾವೂರಿಂದ ಬರ್ತೀರಿ?"

"ಚಳ್ಳಕೆರೆ."

"ಚಳ್ಳಕೆರೆಯಾಗೆ ಯಾರ ಪೈಕಿ?"

ರೂಮು ಬಾಡಿಗೆಗೆ ಕೊಡುವವರಿಗೆ ಪೈಕಿ ಯಾಕಮ್ಮ ಬೇಕು ಅಂತ ಬಾಯಿಗೆ ಬಂತು. ಅಷ್ಟರಲ್ಲಿ ಅವ್ವ ನನ್ನ ಕೈಯಿಂದ ಫೋನು ಕಿತ್ತುಕೊಂಡಿದ್ದಳು. ಅವಳಿಗೆ ಅದು ಸರಿಯಾದ ಪ್ರಶ್ನೆ, ಅದಕ್ಕೆ ಸರಿಯಾದ ಉತ್ತರವನ್ನೂ ಕೊಟ್ಟಳು. ತನ್ನ ಹಟ್ಟಿ, ಅಪ್ಪನ ಹೆಸರು, ಅವ್ವನ ತವರು, ಕೊನೆಗೆ ಮನೆದೇವರು. ಆ ಕಡೆಯಿಂದ ನನಗೂ ಕೇಳಿಸುವಷ್ಟು ಜೋರಾಗಿ, "ಅಯ್ಯೋ ಅತ್ತೇ, ನೀವಾ?" ಅಂತ ದನಿ ಬಂತು. ಲೆಕ್ಕ ಹಾಕಿದರೆ ಅವಳು ಅವ್ವನ ದೊಡ್ಡಪ್ಪನ ಮೊಮ್ಮಗನ ಹೆಂಡತಿ. ಬಾಡಿಗೆ ಅಂತ ಬಾಯಿ ಬಿಟ್ಟರೆ ನೋಡ್ರಿ ಮತ್ತೆ ಅಂತ ಗದರಿಸಿ, ಯಾವಾಗ ಬರ್ತೀರಿ, ಎಷ್ಟು ದಿನ ಇರ್ತೀರಿ ಅಂತ ಕೇಳಿ ಫೋನಿಟ್ಟಳು.

ಸಂಜೆಯೊಳಗೆ ಸುದ್ದಿ ಸಿದ್ದಾಪುರದಿಂದ ರಾಯದುರ್ಗ ಮುಟ್ಟಿತ್ತು. ಗಡಿಯಾಚೆಗೆ ಕೊಟ್ಟಿರುವ ಅಕ್ಕನೊಬ್ಬಳು ಫೋನು ಮಾಡಿ, ಚೆನ್ನಾಗಿದ್ದೀಯಾ ಅಂತ ತೆಲುಗಿನಲ್ಲಿ ಶುರು ಮಾಡಿ, "ಏಮಮ್ಮಾ, ಬಾಗುನ್ನಾವಾ? ಟೂರಂತೆ! ನಮ್ಮನೆ ಬಿಟ್ಟು ಅದೆಂಗೆ ಹೋಗ್ತೀಯಾ ನೋಡ್ತೀನಿ" ಅಂದಳು. ಇನ್ನೊಂದು ಹಟ್ಟಿಯಿಂದ, ಮಗಳು ಬಾಣಂತಿ, ಅವ್ವ ಬಂದರೆ ಕೂಸಿಗೆ ನೀರು ಹಾಕಿ ಕಾಲು ನೀವಿ ಕೊಡಲಿ ಅಂತ ಕರೆ ಬಂತು. ಮತ್ತೊಬ್ಬರದು ಹೊಸ ಮನೆ, ಬಂದು ನೋಡಲೇಬೇಕು. ಅವ್ವ ಎಲ್ಲರಿಗೂ "ಬರ್ತೀವಿ, ಬರ್ತೀವಿ" ಅಂದಳು. ಅವಳ ಮುಖ ಅರಳಿತ್ತು. ನನಗೆ ಮೈ ಉರಿಯಿತು. ಕಣ್ಣೆದುರಿಗೇ ನನ್ನ ಟೂರು ಹೋಗಿ ಬಾಣಂತನ ಆಗಿತ್ತು.

"ಅವ್ವಾ, ನೀನು ಮಲಗಾಕೆ ಹೋಗ್ತಿದೀಯಾ, ಕೂಸಿಗೆ ನೀರು ಹಾಕಾಕಲ್ಲ."

"ಒಂದು ಚೊಂಬು ನೀರು ಹಾಕಿದ್ರೆ ಕೈ ಸವೀತಾವೇನೇ?"

"ಹಂಗಾದ್ರೆ ಯಾರಿಗೂ ಹೇಳ್ದಂಗೆ ಹೋಗಿ ಬರಾಣ. ಬರಲ್ಲ ಅಂತ ಈಗ್ಲೇ ಫೋನು ಮಾಡು."

"ನಮ್ಮೂರಿಗೆ ನಾನು ಕಳ್ಳರಂಗೆ ಹೋಗ್ಬೇಕಾ?" ಅಂತ ಅವ್ವ ಎದ್ದು ಒಳಗೆ ಹೋದಳು.

ಟೀಚರಮ್ಮ ಹೋಗಿ ಬಂದರು, ಫೋಟೊ ತೋರಿಸಿದರು. ಅವರಿಗೇನು, ಅಲ್ಲಿ ಯಾರೂ ನೆಂಟರಿಲ್ಲ. ಬೇಕಾದ ಬಂಡೆ ಹತ್ತಿದರು, ಬೇಕಾದ ಹೊತ್ತಿಗೆ ಇಳಿದರು. ನಮ್ಮಲ್ಲಿ ನೆಂಟರ ಹಟ್ಟಿಯ ಮುಂದೆ ಹಾದುಹೋಗಿ ಅವರ ಮನೆಯ ನೀರು ಕುಡಿಯದಿದ್ದರೆ ಅದನ್ನು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ನೀರು ಕುಡಿದ ಮೇಲೆ ಕಾಫಿ, ಕಾಫಿಯಾದ ಮೇಲೆ ಊಟ, ಊಟಕ್ಕೆ ನಿಂತ ಹೆಂಗಸು ರೊಟ್ಟಿ ತಟ್ಟದೆ ಕೂರುವುದುಂಟೇ? ಅಪರಿಚಿತರಿಗೆ ಹೊಸದಾಗಿ ತೆರೆದುಕೊಂಡ ಜಾಗ, ಅಲ್ಲೇ ಹುಟ್ಟಿದವಳಿಗೆ ಮುಚ್ಚಿಕೊಂಡಿತ್ತು. ಹಾಗಂತ ನಾನು ನೆಂಟರನ್ನು ಹಳಿಯಲಾರೆ. ಗಂಡ ಹೋದಾಗ ಈ ಜನವೇ ಬಂದು ನನ್ನ ಮನೆ ತುಂಬಿಕೊಂಡು ನಿಂತವರು. ನಾನು ಒಲೆ ಹಚ್ಚಲಿಲ್ಲ, ಬಟ್ಟೆ ಒಗೆಯಲಿಲ್ಲ, ಯಾವಾಗ ನೋಡಿದರೂ ಯಾರೋ ಒಬ್ಬರ ಕೈ ನನ್ನ ಬೆನ್ನ ಮೇಲಿತ್ತು. ಅಂಥವರಿಂದ ಒಂದೇ ಒಂದು ಮಧ್ಯಾಹ್ನ ತಪ್ಪಿಸಿಕೊಳ್ಳುವುದು ಹೇಗೆ ಅನ್ನುವುದೇ ನನ್ನ ಚಿಂತೆಯಾಗಿತ್ತು.

ದಾರಿ ತೋರಿಸಿದ್ದು ಒಂದು ಲಗ್ನಪತ್ರಿಕೆ. ರಾಯದುರ್ಗದ ಕಡೆ ಮದುವೆ. ಹುಡುಗನ ಕಡೆಯವರೂ ನಮ್ಮವರೇ, ಹುಡುಗಿ ಕಡೆಯವರೂ ನಮ್ಮವರೇ. ಸಿದ್ದಾಪುರದ ಸುತ್ತಲಿನ ನಮ್ಮ ಜನವೆಲ್ಲ ಲಾರಿ ಟ್ರ್ಯಾಕ್ಟರು ಮಾಡಿಕೊಂಡು ಹೋಗುವಂಥ ಮದುವೆ. ಪತ್ರಿಕೆ ನೋಡುತ್ತಿದ್ದ ಹಾಗೆ ಕತ್ತರಿ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಅವತ್ತೊಂದು ದಿನ ಸಿದ್ದಾಪುರದಲ್ಲಿ ನಮಗೆ ನೆಂಟರೇ ಇರುವುದಿಲ್ಲ!

ಆ ವಾರ ತಮ್ಮ ಸಂತೆಗೆ ಬಂದಿದ್ದ. ಹೊಲ ಮಾಡುತ್ತಾನೆ, ಕುರಿ ಮೇಯುತ್ತಿದ್ದ ವರವು ಕಾವಲಿನ ಹುಲ್ಲುಗಾವಲಿಗೆ ಬೇಲಿ ಬಿದ್ದ ಮೇಲೆ ಕುರಿ ಕಡಿಮೆ ಮಾಡಿಕೊಂಡು ಉಳಿದಷ್ಟನ್ನು ಸಾಕಿಕೊಂಡಿದ್ದಾನೆ. ಅವನಿಗೆ ನನ್ನ ಪ್ಲಾನು ಹೇಳಿದೆ. ಕಾಫಿ ಲೋಟ ಕೆಳಗಿಟ್ಟ.

"ಅಕ್ಕಾ, ನಿಂಗೇನು ತಲೆಗಿಲೆ ಕೆಟ್ಟೈತಾ? ಧಾರೆ ಬಿಟ್ಟು ಬಂಡೆ ನೋಡಾಕೆ ಹೋದ್ರು ಅಂದ್ರೆ ಜನ ಏನಂತಾರೆ?"

"ಮುಯ್ಯಿ ನೀನು ಹಾಕು. ನಮ್ಮವ್ವ ಬರ್ಲಿಲ್ಲ ಅಂತ ಮದ್ವೆ ನಿಲ್ಲಲ್ಲ."

"ಅವ್ವ ಎಲ್ಲಿ ಅಂತ ಕೇಳಿದ್ರೆ ಏನನ್ಲಿ?"

"ಮಲಗಾಕೆ ಹೋಗ್ಯಾಳೆ ಅನ್ನು."

"ನೀನು ಚಳ್ಳಕೆರೆಯಾಗೆ ಬಾಗ್ಲು ಹಾಕ್ಕಂಡು ಕೂರ್ತೀಯಾ. ನಾಳೆ ನನ್ನ ಮನೆ ಕಾರ್ಯಕ್ಕೆ ಅವ್ರು ಬರ್ಬೇಕಲ್ಲ" ಅಂದ ತಮ್ಮ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂದು, ಸಂತೆಗೆ ಬಂದವನು ಸಂತೆ ನೋಡಿಕೊಂಡು ಹೋಗು ಅಂತ ರೇಗಿದೆ. ಇಬ್ಬರ ದನಿಯೂ ಏರಿ ರಸ್ತೆಗೆ ಕೇಳಿಸುವ ಹಾಗಾಗಿತ್ತು. ಮೂಲೆಯಲ್ಲಿ ಕೂತು ಹುಕ್ಕು ಹಚ್ಚುತ್ತಿದ್ದ ಅವ್ವ ಹಲ್ಲಿನಲ್ಲಿ ದಾರ ಕಡಿದು ಮಾತಾಡಿದಳು.

"ಮದ್ವೆಗೆ ನೀನು ಹೋಗಿ ಬಾರಪ್ಪ. ನಾನು ಬರಲ್ಲ."

"ಅವ್ವಾ, ನೀನೂ ಹಂಗಂದ್ರೆ?"

"ಮದ್ವೆ ಊಟ ಬೇಕಾದಷ್ಟು ಬಡಿಸೀನಿ. ಈಗ ಬಡಿಸಾಕೆ ಬ್ಯಾರೆ ಭಾಳ ಜನ ಅದಾರೆ. ಆ ಗುಂಡು ಹತ್ತಾಕೆ ನನ್ನ ಕಾಲು ಇನ್ನೊಂದು ವರ್ಷ ಕಾಯಲ್ಲ ಕಣಪ್ಪ. ನಾನು ಇವಳ ಜತೆ ಹೋಗ್ತೀನಿ."

ಕಳ್ಳರ ಹಾಗೆ ಹೋಗಬೇಕಾ ಅಂದವಳು ಇವಳೇನಾ ಅಂತ ನಾನು ನೋಡಿದೆ. ಇನ್ನೊಂದು ಬ್ಲೌಸಿಗೆ ಕೈ ಹಾಕಿದ್ದಳು. ತಮ್ಮ ಮುಖ ಊದಿಸಿಕೊಂಡು ಹೋದ, ಹೋಗುವಾಗ ಸಂತೆಯಿಂದ ಅವ್ವನಿಗೆ ಅಂತ ತಂದಿದ್ದ ಬಾಳೆಹಣ್ಣನ್ನು ಮರೆಯದೆ ಇಟ್ಟುಹೋದ.

ಮತ್ತೆ ರೂಮಿನವಳಿಗೆ ಫೋನು ಮಾಡಿದೆ. ಅವಳು ಮದುವೆಗೆ ಹೋಗುವಂತಿರಲಿಲ್ಲ. ದಾವಣಗೆರೆಯವರು ಯಾರೋ ಒಂದು ರೂಮು ಹಿಡಿದಿದ್ದರು. "ರೂಮು ಮಾಡಿದ ಮೇಲೆ ಮದ್ವೆನೂ ಇಲ್ಲ, ಮುಂಜಿನೂ ಇಲ್ಲ ಅಕ್ಕಾ" ಅಂತ ನಿಟ್ಟುಸಿರು ಬಿಟ್ಟಳು. ನಾನು ನನ್ನ ಕರಾರು ಹೇಳಿದೆ: ದಾವಣಗೆರೆಯವರ ಹತ್ತಿರ ತೆಗೆದುಕೊಳ್ಳುವ ಬಾಡಿಗೆಯನ್ನೇ ನಮ್ಮ ಹತ್ತಿರವೂ ತೆಗೆದುಕೊಳ್ಳಬೇಕು. ಅತ್ತೆಯ ಹತ್ತಿರ ಬಾಡಿಗೆಯಾ ಅಂತ ಅವಳು ಕೂಗಾಡಿದಳು. "ನೋಡಮ್ಮಾ, ನೀನು ದುಡ್ಡು ತಗಳ್ಳಿಲ್ಲ ಅಂದ್ರೆ ನಮ್ಮವ್ವ ಆ ಋಣಕ್ಕೆ ನಿನ್ನ ಒಲೆ ಮುಂದೆ ಕೂರ್ತಾಳೆ. ತಗಂಡ್ರೆ ಗಿರಾಕಿಯಂಗೆ ಹೊರಗೆ ಕೂರ್ತಾಳೆ. ನಂಗೆ ನಮ್ಮವ್ವ ಹೊರಗೆ ಕೂರ್ಬೇಕು" ಅಂದೆ. ಕೂಗಾಟ ನಿಲ್ಲಿಸಿ, "ನಮ್ಮತ್ತೆ ಇದ್ದಿದ್ರೆ ಅವ್ರನ್ನೂ ಹಿಂಗೆ ಕೂರಿಸ್ತಿದ್ದೆ, ಬರ್ರಿ" ಅಂದಳು. ಹೆಣ್ಣುಮಗಳಿಗೆ ಅರ್ಥವಾಗಿತ್ತು.

ಹೊರಡುವ ಮುಂಜಾನೆ ಅವ್ವ ಕರಿ ಕಂಬಳಿಯೊಂದನ್ನು ಮಡಚಿ ಕಂಕುಳಿಗೆ ಇಟ್ಟುಕೊಂಡಳು. ರೊಟ್ಟಿ, ಚಟ್ನಿಪುಡಿ ಬೇರೆ ಕಟ್ಟಿಕೊಂಡಿದ್ದಳು. ಅಲ್ಲಿ ಊಟ ಕೊಡುತ್ತಾರೆ ಅಂದರೆ, ಇರಲಿ ಬಿಡು ಅಂದಳು. ಅವಳನ್ನು ನಂಬಿಸುವುದರಲ್ಲಿ ಬಸ್ಸು ತಪ್ಪುತ್ತದೆ ಅಂತ ನಾನು ಬಾಗಿಲಿಗೆ ಬೀಗ ಹಾಕಿದೆ.

ತಳಕಿನಲ್ಲಿ ಬಸ್ಸು ನಿಂತಿತು. ರೇಷ್ಮೆ ಸೀರೆ ಉಟ್ಟು ಹೂ ಮುಡಿದ ನಮ್ಮೂರಿನ ಇಬ್ಬರು ಹೆಂಗಸರು ಹತ್ತಿ ನೇರ ನಮ್ಮ ಹತ್ತಿರ ಬಂದರು. ಮದುವೆಯ ಗುಂಪಿನ ವಾಹನ ತಪ್ಪಿಸಿಕೊಂಡು ಬಸ್ಸು ಹಿಡಿದವರು. ನಾನು ಕಿಟಕಿ ಕಡೆ ಮುಖ ತಿರುಗಿಸಿದೆ.

"ಏನಕ್ಕಾ, ಮದ್ವೆಗೇನು? ಇದೇನು ದಿನಾ ಉಡೋ ಸೀರೆಯಾಗೆ ಹೊಂಟೀರಾ?" ಅಂತ ಒಬ್ಬಳು ಅವ್ವನನ್ನು ಕೇಳಿದಳು.

"ಇಲ್ಲವ್ವ, ಮದ್ವೆಗೆ ಮಗ ಬರ್ತಾನೆ. ನಾವು ಟೂರಿಗೆ ಹೊಂಟೀವಿ" ಅಂದಳು ಅವ್ವ.

ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು, ದೊಡ್ಡ ಆಫೀಸರರ ಮನೆಯವರ ಹಾಗೆ ನೆಟ್ಟಗೆ ಕೂತು ಹೇಳಿದಳು. ಅವರಿಬ್ಬರೂ ಸೆರಗು ಬಾಯಿಗೆ ಹಚ್ಚಿ ನಕ್ಕರು. ಆ ಇಬ್ಬರು ಮದುವೆ ಮನೆಗೆ ಕಾಲಿಟ್ಟ ಕೂಡಲೇ ಸುದ್ದಿ ಚಪ್ಪರದ ತುಂಬ ಹರಡುತ್ತದೆ, ತಮ್ಮ ತಲೆ ತಗ್ಗಿಸಿಕೊಂಡು ನಿಲ್ಲುತ್ತಾನೆ ಅಂತ ನನಗೆ ಪಾಪ ಅನ್ನಿಸಿತು. ಆದರೆ ಕಿಟಕಿ ಕಡೆಯಿಂದ ಮುಖ ಈಚೆಗೆ ತಿರುಗಿಸಿದೆ. ಹೇಳಿಯಾದ ಮೇಲೆ ಅಡಗಿಕೊಳ್ಳುವುದಕ್ಕೇನು ಉಳಿಯಿತು.

ಬಸ್ಸಿಳಿದು ಆಟೊ ಹಿಡಿದು ರೂಮಿನವಳ ಮನೆ ಮುಟ್ಟಿದಾಗ ಊರು ಬಿಕೋ ಅನ್ನುತ್ತಿತ್ತು. ನಾನು ಅಂದುಕೊಂಡ ಹಾಗೇ, ನಮ್ಮವರ ಮನೆಗಳ ಬಾಗಿಲಿಗೆಲ್ಲ ಬೀಗ. ರೂಮಿನವಳ ಮಾವ, ಅಂದರೆ ಅವ್ವನ ದೊಡ್ಡಪ್ಪನ ಮಗ, ಒಬ್ಬರೇ ಮದುವೆಗೆ ಹೋಗದೆ ಆಡು ಹೊಡೆದುಕೊಂಡು ಅಡವಿಗೆ ಹೋಗಿದ್ದರು. ಅವ್ವ ಚಪ್ಪಲಿ ಬಿಟ್ಟು ಅಭ್ಯಾಸಬಲದಿಂದ ಸೀದಾ ಅಡಿಗೆಮನೆಯ ಕಡೆ ನಡೆದಳು. ಆ ಹೆಣ್ಣುಮಗಳು ಬಾಗಿಲಿಗೆ ಅಡ್ಡ ನಿಂತಳು.

"ಅತ್ತೇ, ಗೆಸ್ಟುಗಳು ಇಲ್ಲಿಗೆ ಬರಂಗಿಲ್ಲ."

ಅವ್ವ ನನ್ನ ಮುಖ ನೋಡಿದಳು, ನಾನು ಸೂರಿನ ಕಡೆ ನೋಡಿದೆ. ಹೊರಗೆ ಕುರ್ಚಿಯಲ್ಲಿ ಕೂರಿಸಿ ಆ ಹೆಣ್ಣುಮಗಳು ಹೆಂಚಿನಿಂದ ಇಳಿದ ರೊಟ್ಟಿಯನ್ನು ಹಾಗೇ ತಂದು ಅವ್ವನ ತಟ್ಟೆಗೆ ಹಾಕಿದಳು. ಬಿಸಿ ರೊಟ್ಟಿ ಅವ್ವನ ಬೆರಳು ಸುಟ್ಟಿತು. ಎಲ್ಲರೂ ಉಂಡ ಮೇಲೆ ತಣ್ಣಗಾದದ್ದನ್ನೇ ಉಂಡು ಅಭ್ಯಾಸವಾದ ಕೈ. ಊದಿ ಊದಿ ತಿಂದಳು.

ಬಂಡೆಗಳಿಗೆ ಹೋಗುವ ದಾರಿಯಲ್ಲಿ ಮೊದಲು ಸಿಕ್ಕಿದ್ದು ಶಾಸನದ ಬಂಡೆ. ಅದಕ್ಕೆ ಈಗ ಮೇಲೊಂದು ಚಾವಣಿ, ಸುತ್ತ ಕಬ್ಬಿಣದ ಬೇಲಿ, ಪಕ್ಕದಲ್ಲಿ ಬೋರ್ಡು. ಅವ್ವ ಬೇಲಿ ಹಿಡಿದು ನಿಂತು ಸುಧಾರಿಸಿಕೊಂಡಳು. "ದನ ಈಯಾಕೆ ಕಷ್ಟಪಟ್ರೆ ಇಂಥ ಅಕ್ಷರದ ಗುಂಡಿನ ಮೇಲೆ ನೀರು ಹುಯ್ದು, ಆ ನೀರು ಹಿಡ್ಕಂಡು ಹೋಗಿ ಕುಡಿಸ್ತಿದ್ರು" ಅಂದಳು. ಏನು ಬರೆದಿದೆ ಅಂತ ಆಗ ಯಾರಾದರೂ ಹೇಳುತ್ತಿದ್ದರಾ ಅಂತ ಕೇಳಿದೆ. ಇಲ್ಲ, ಒಳ್ಳೇದೇ ಬರೆದಿರಬೇಕು ಅಂದುಕೊಂಡಿದ್ವಿ ಅಂದಳು.

ಅಲ್ಲಿಂದ ಮುಂದಕ್ಕೆ ದಾರಿ ನನಗೆ ಗೊತ್ತಿರಲಿಲ್ಲ. ಅವ್ವ ಮುಂದೆ ನಡೆದಳು. ಜಾಲಿ ಬೆಳೆದು ಹಳೇ ಕಾಲುದಾರಿ ಮುಚ್ಚಿಹೋಗಿತ್ತು. ನಾಲ್ಕು ಹೆಜ್ಜೆ ಇಟ್ಟು ನಿಲ್ಲುವುದು, ನನ್ನ ಭುಜ ಹಿಡಿಯುವುದು, ಮತ್ತೆ ಹೆಜ್ಜೆ. ಎಲ್ಲಿ ಬೀಳುತ್ತಾಳೋ ಅಂತ ಹೆದರಿ, ಸಾಕು ವಾಪಸ್ಸು ಹೋಗೋಣ ಅಂತ ಎರಡು ಸಲ ಅಂದೆ. ಅವಳು ಮುಂದಿನ ಹೆಜ್ಜೆ ಇಟ್ಟಳು. ದೊಡ್ಡ ಗುಂಡೊಂದನ್ನು ಬಳಸಿ ಹೋದ ಮೇಲೆ ನಿಂತು, "ಐತೆ" ಅಂದಳು.

ಗುಂಡಿನ ಮೈಮೇಲೆ ಯಾರೋ ಪುಣ್ಯಾತ್ಮರು ಬಣ್ಣದಲ್ಲಿ ಹೃದಯ ಬರೆದು ಬಾಣ ಚುಚ್ಚಿದ್ದರು. ನಾನು ಬೈದೆ. ಅವ್ವ ಅದನ್ನು ನೋಡಲೂ ಇಲ್ಲ. ನೆರಳು ಮಾತ್ರ ಅವಳು ಹೇಳಿದ ಹಾಗೇ ಇತ್ತು, ಮನೆಯೊಳಗಿನ ಹಾಗೆ ತಂಪು. ಕಂಬಳಿ ಹಾಸಿದಳು. ಹಾಸಿ ಕೂತಳು. ಕೂತವಳು ಮಲಗಲಿಲ್ಲ. ಅವಳ ಕಣ್ಣು ಎದುರಿನ ಇಳಿಜಾರಿನ ಮೇಲೆ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು, ಬರುತ್ತಿತ್ತು. ಅಲ್ಲಿ ಆಡಿರಲಿಲ್ಲ, ಹೊಲವೂ ಇರಲಿಲ್ಲ, ಬರೀ ಬಿಸಿಲು.

"ಮಲಕ್ಕಳವ್ವ."

"ಮಲಕ್ಕಂತೀನಿ ತಡಿ."

ಮತ್ತೆ ಸ್ವಲ್ಪ ಹೊತ್ತು ಹೋಯಿತು. ಇಷ್ಟೆಲ್ಲ ಮಾಡಿ ಇಲ್ಲಿಗೆ ಕರೆದು ತಂದರೂ ಇವಳು ಕೂತೇ ಹೋಗುತ್ತಾಳೆ ಅನ್ನಿಸಿ ನನಗೆ ಅಳು ಬಂದಂತಾಯಿತು. ಕೊನೆಗೆ ಅವಳ ಮುಂದೆ, ಇಳಿಜಾರಿಗೆ ಮುಖ ಮಾಡಿ ಕೂತೆ. "ನಾನು ಕೂತಿರ್ತೀನಿ, ನೀನು ಮಲಕ್ಕ" ಅಂದೆ.

"ನಿಂಗೆ ನಿದ್ದೆ ಬಂದ್ರೆ?"

"ಬರಲ್ಲ."

ಅವಳು ತೋಳನ್ನು ತಲೆಗೆ ಇಟ್ಟುಕೊಂಡು ನಿಧಾನವಾಗಿ ಅಡ್ಡಾದಳು. ಕಣ್ಣು ಮುಚ್ಚುವುದು, ತೆರೆಯುವುದು, ನಾನು ಕೂತಿರುವುದನ್ನು ನೋಡುವುದು. ಆಮೇಲೆ ತೆರೆಯಲಿಲ್ಲ. ಉಸಿರು ಉದ್ದವಾಯಿತು, ಬಾಯಿ ಒಂದಿಷ್ಟು ತೆರೆದುಕೊಂಡಿತು. ಅವ್ವನ ನಿದ್ದೆಯ ಮುಖವನ್ನು ಹಗಲು ಬೆಳಕಿನಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ಹುಬ್ಬಿನ ನಡುವೆ ಸದಾ ಇರುತ್ತಿದ್ದ ಗಂಟು ಇರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಅದಕ್ಕಿಂತ ಬೇರೆ ಮಾತು ನನಗೆ ಗೊತ್ತಿಲ್ಲ.

ದಾವಣಗೆರೆಯವರು ಇರಬೇಕು, ನಾಲ್ಕೈದು ಹುಡುಗ ಹುಡುಗಿಯರು ಹಾಡು ಹಾಕಿಕೊಂಡು ಗುಂಡಿನ ಆ ಬದಿಗೆ ಬಂದರು. ನಾನು ಓಡಿಹೋಗಿ, ಸ್ವಲ್ಪ ಅತ್ತ ಹೋಗ್ರಪ್ಪ, ನಮ್ಮವ್ವ ಮಲಗಿದಾಳೆ ಅಂದೆ. ಒಬ್ಬಳು ಗಾಬರಿಯಾಗಿ, "ಯಾಕಾಂಟಿ, ಅಜ್ಜಿಗೆ ಹುಷಾರಿಲ್ವಾ?" ಅಂತ ಕೇಳಿದಳು.

"ಹುಷಾರಾಗೇ ಅದಾಳೆ. ಟೂರಿಗೆ ಬಂದೀವಿ" ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಹಾಡು ನಿಲ್ಲಿಸಿ ಬೇರೆ ಕಡೆ ಹೋದರು. ಒಳ್ಳೆಯ ಮಕ್ಕಳು.

ಹೊತ್ತು ವಾಲುವಾಗ ಗಂಟೆಯ ಸದ್ದು ಕೇಳಿತು. ಇಳಿಜಾರಿನ ಕೆಳಗಿಂದ ಆಡಿನ ಮಂದೆ ಮೇಲಕ್ಕೆ ಬರುತ್ತಿತ್ತು, ಹಿಂದೆ ಕೋಲು ಹಿಡಿದ ಮುದುಕರು. ರೂಮಿನವಳ ಮಾವ ಅಂತ ಗೊತ್ತಾಗಿ ನಾನು ಇಳಿದುಹೋಗಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಕತ್ತು ಚಾಚಿ ನೋಡಿದರು.

"ಮಲಗ್ಯಾಳಾ?"

"ಹೂಂ, ಮಾವ. ಅದಕ್ಕೇ ಬಂದಿದ್ದು."

ಅವರು ಕೋಲಿನ ಮೇಲೆ ಗದ್ದ ಊರಿದರು. ಆಮೇಲೆ ಪಿಸುದನಿಯಲ್ಲಿ ಹೇಳಿದರು. "ಅವತ್ತು ನಾನೂ ಮಲಗಿದ್ದೆ ಕಣವ್ವ. ಇಬ್ರ ಆಡೂ ಹೊಲ ಹೊಕ್ಕಿದ್ವು. ಗಂಡುಹುಡುಗ ದಣಿದಾನೆ ಅಂತ ನಂಗೇನೂ ಅನ್ಲಿಲ್ಲ. ನಂಗೆ ಮುದ್ದೆ ಇಕ್ಕಿದ್ರು, ಇವಳು ಕಂಬದತ್ರ ಅಳ್ತಿದ್ಲು."

ಅವ್ವ ಇದನ್ನು ಒಂದು ದಿನವೂ ಹೇಳಿರಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿತು. ಆದರೆ ಎದುರಿಗೆ ನಿಂತಿದ್ದವರು ಹಲ್ಲಿಲ್ಲದ ಮುದುಕರು, ನನ್ನವ್ವನ ಅಣ್ಣ, ಕಣ್ಣು ಒದ್ದೆಯಾಗಿತ್ತು. ಗಂಟೆ ಸದ್ದಿಗೆ ಎದ್ದುಬಿಡ್ತಾಳೆ, ಮಂದೆ ತಿರುಗಿಸಿಕೊಂಡು ಹೋಗ್ರಿ ಅಂದೆ. ಅವರು ತಲೆಯಾಡಿಸಿ ಕೂಗದೆ, ಶಿಳ್ಳೆ ಹಾಕದೆ, ಬರೀ ಕೋಲು ಅಡ್ಡ ಹಿಡಿದು ಆಡುಗಳನ್ನು ಇಳಿಜಾರಿನ ಬುಡಕ್ಕೆ ತಿರುಗಿಸಿದರು. ನಾನು ಹಿಂದಕ್ಕೆ ಬಂದು ಕಂಬಳಿಯ ಅಂಚಿನಲ್ಲಿ ಕೂತೆ. ಕೆಳಗೆ ಒಂದು ಮರಿ ಬಂಡೆಯಿಂದ ಬಂಡೆಗೆ ಹಾರಿತು, ಅದರ ಕೊರಳಿನ ಗಂಟೆ ಜೋರಾಗಿ ಬಡಿಯಿತು.

ಅವ್ವ ದಡಕ್ಕನೆ ಎದ್ದು ಕೂತಳು. ಕಣ್ಣು ತೆರೆದಿತ್ತು, ಎಚ್ಚರವಿರಲಿಲ್ಲ. ನನ್ನ ಮುಖದಲ್ಲಿ ಯಾರನ್ನು ಕಂಡಳೋ, ಎರಡೂ ಕೈಯಲ್ಲಿ ನನ್ನ ತೋಳನ್ನು ಹಿಡಿದುಕೊಂಡಳು.

"ಆಡೆಲ್ಲಿ? ಆಡೆಲ್ಲಿ ಹೋದ್ವೇ?"

ಸಣ್ಣ ಹುಡುಗಿಯ ದನಿ ಅದು. ನಾನು ಕೆಳಗೆ ನೋಡಿದೆ. ಮುದುಕರು ಅಲ್ಲಾಡದೆ ನಿಂತಿದ್ದರು, ಅವರ ಸುತ್ತ ಮಂದೆ ಒಟ್ಟಾಗಿ ಮೇಯುತ್ತಿತ್ತು.

"ಎಲ್ಲಾ ಅದಾವೆ. ಒಂದೂ ಹೊಲಕ್ಕೆ ಹೋಗಿಲ್ಲ. ನಾನು ನೋಡ್ಕಂತಿದೀನಿ, ನೀನು ಮಲಕ್ಕ" ಅಂದೆ.

ಅವಳು ಇಳಿಜಾರನ್ನೊಮ್ಮೆ ನೋಡಿ ನನ್ನ ತೋಳು ಬಿಟ್ಟಳು. ಮತ್ತೆ ಅಡ್ಡಾಗಿ, ಈ ಸಲ ಇಳಿಜಾರಿಗೆ ಬೆನ್ನು ಹಾಕಿ, ಬಂಡೆಯ ಕಡೆ ಮುಖ ಮಾಡಿ ನಿದ್ದೆ ಹೋದಳು.